ನಾಲ್ಕು ಇಂಚಿನ ನಳಿಗೆ

ಫೆಬ್ರವರಿ 3

ಅಕ್ಕ,

ಕವರಿನ ಮೇಲಿನ ಕೈಬರಹ ನೋಡಿಯೇ ಯಾರೆಂದು ನಿನಗೆ ಗೊತ್ತಾಗಿರುತ್ತದೆ. ಏಳು ವರ್ಷವಾದ ಮೇಲೆ ಬರೆಯುತ್ತಿದ್ದೇನೆ. ರಾಜಿ ಮಾಡಿಕೊಳ್ಳಲು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ, ಒಂದು ವಿಷಯ ಕೇಳಬೇಕಿತ್ತು. ಫೋನ್ ಮಾಡಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ಒಂದೋ ಅಳು ಬರುತ್ತದೆ, ಇಲ್ಲ ಜಗಳ ಶುರುವಾಗುತ್ತದೆ. ಎರಡಕ್ಕೂ ಈಗ ನನಗೆ ಪುರುಸೊತ್ತಿಲ್ಲ.

ಬ್ಯಾಂಕುಗಳಿಗೆ ನಗದು ಸಾಗಿಸುವ ವ್ಯಾನಿನ ಕಾವಲು ಕೆಲಸಕ್ಕೆ ಸೇರಿದ್ದೇನೆ. ನಮ್ಮ ಯಜಮಾನರು ಮಾಡುತ್ತಿದ್ದ ಅದೇ ಕಂಪನಿ, ಅದೇ ಕೆಲಸ. ಸೇರಿದ್ದೇನೆ ಎನ್ನುವುದು ಅರ್ಧ ನಿಜ. ರಿವಾಲ್ವರ್ ಪರೀಕ್ಷೆ ಪಾಸಾದರೆ ಮಾತ್ರ ಕೆಲಸ ಉಳಿಯುತ್ತದೆ. ಇಪ್ಪತ್ತು ಗುಂಡು, ಇನ್ನೂರು ಅಂಕ, ನೂರ ನಲವತ್ತು ಬರಬೇಕು. ಮೊದಲ ಸಲ ನೂರ ಹದಿನೆಂಟು, ಎರಡನೇ ಸಲ ನೂರ ಇಪ್ಪತ್ತೊಂದು ಬಂತು. ಮೇ ಮುಗಿಯುವುದರೊಳಗೆ ಮೂರನೇ ಸಲ. ಅದೇ ಕೊನೆ.

ಕಂಪನಿಯವರು ಕೊಟ್ಟಿರುವುದು ಎರಡು ಇಂಚಿನ ನಳಿಗೆಯ, ಅಂದರೆ ಬ್ಯಾರೆಲ್ಲಿನ, ಪುಟಾಣಿ ರಿವಾಲ್ವರ್. ಕೈಚೀಲದಲ್ಲಿ ಕನ್ನಡಕದ ಡಬ್ಬಿಯಂತೆ ಕೂರುತ್ತದೆ. "ನಿಮ್ದು ಚಿಕ್ಕ ಕೈ ಅಲ್ವಾ ಮೇಡಂ, ಇದೇ ಹಗುರ" ಎಂದ ಮೇಲ್ವಿಚಾರಕ. ಹೆಬ್ಬೆರಳಿನ ಬುಡದ ಚರ್ಮ ಸುಲಿದು ಹೋಗಿದೆ. ಹತ್ತನೇ ಗುಂಡಿನ ಹೊತ್ತಿಗೆ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಗುಂಡಿನ ಅಳತೆ ಅದೇ ಇದ್ದರೆ ನಳಿಗೆ ಎಷ್ಟುದ್ದದ್ದಾದರೂ ಆಗಬಹುದೆಂದು ನಿಯಮದಲ್ಲಿ ಓದಿದೆ. ಎಷ್ಟುದ್ದದ್ದು ತೆಗೆದುಕೊಳ್ಳಲಿ? ನೀನು ಮೂವತ್ತು ವರ್ಷದಿಂದ ಗುಂಡು ಹೊಡೆಯುವ ರೇಂಜಿನ ಆಯುಧ ನೋಡಿಕೊಂಡು, ಪರೀಕ್ಷೆಗೆ ಅಂಕ ಹಾಕುತ್ತಿರುವವಳು. ಬೇರೆ ಯಾರನ್ನು ಕೇಳಲಿ ಹೇಳು.

ಆರು ವರ್ಷ ಕಾವಲು ಮಾಡಿದ್ದ ಇವರನ್ನು, ಹೊಸದಾಗಿ ಬಂದ ಇದೇ ಪರೀಕ್ಷೆಯ ಕೊನೆಯ ಸಲದಲ್ಲಿ ನೀನು ಎರಡು ಅಂಕಕ್ಕೆ ಫೇಲ್ ಮಾಡಿದ ಮೇಲೆ ಇವರು ಗೋದಾಮಿನಲ್ಲಿ ಮೂಟೆ ಹೊರಲು ಹೋದರು. ಎರಡು ವರ್ಷದ ಹಿಂದೆ ಮೂಟೆಗಳ ಸಾಲು ಜಾರಿ ಬೆನ್ನಿನ ಮೇಲೆ ಬಿತ್ತು. ಈಗ ಮನೆಯಲ್ಲಿದ್ದಾರೆ. ಒಂದು ಗಂಟೆ ಕೂತರೆ ಒಂದು ಗಂಟೆ ಮಲಗಬೇಕು. ಮಗಳಿಗೆ ಆರು ತುಂಬಿತು. ನೀನು ನೋಡಿಲ್ಲ.

ನಿನಗೆ ಬರೆದಿರುವುದು ಇವರಿಗೆ ಗೊತ್ತಿಲ್ಲ. ಕಂಪನಿಯ ವಿಳಾಸಕ್ಕೆ ಬರೆ.

ಇಂತಿ,
ತಂಗಿ


ಫೆಬ್ರವರಿ 11

ಮೊಂಡಿ,

ಕವರ್ ಒಡೆಯುವ ಮೊದಲೇ ಗೊತ್ತಾಯಿತು. ನಿನ್ನ ಅಕ್ಷರಗಳು ಈಗಲೂ ಗೆರೆ ಬಿಟ್ಟು ಮೇಲಕ್ಕೆ ಹತ್ತುತ್ತವೆ. ಆಯುಧ ಕೊಠಡಿಯಲ್ಲಿ ನಿಂತುಕೊಂಡೇ ಓದಿದೆ. ಆಮೇಲೆ ಕೂತು ಓದಿದೆ.

ಆ ಮೇಲ್ವಿಚಾರಕನಿಗೆ ನನ್ನ ಪರವಾಗಿ ಎರಡು ಬೈಗುಳ ಕೊಡು. ಚಿಕ್ಕ ಕೈಗೆ ಚಿಕ್ಕ ಗನ್ನು ಎಂದು ಹೇಳುವವರನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಗುಂಡು ಅದೇ, ಒಳಗಿನ ಮದ್ದೂ ಅದೇ. ಒದೆತ ಎಲ್ಲಿಗಾದರೂ ಹೋಗಬೇಕಲ್ಲ. ಗನ್ನಿಗೆ ತೂಕವಿದ್ದರೆ ಹೆಚ್ಚಿನ ಒದೆಯನ್ನು ಗನ್ನೇ ತಿನ್ನುತ್ತದೆ, ತೂಕವಿಲ್ಲದಿದ್ದರೆ ನಿನ್ನ ಕೈ ತಿನ್ನುತ್ತದೆ. ಜೇಬಿನಲ್ಲಿ ಇಟ್ಟುಕೊಳ್ಳಲು ಹಗುರವಾದದ್ದು ಹೊಡೆಯುವಾಗ ರಾಕ್ಷಸ.

ನಾಲ್ಕು ಇಂಚಿನದನ್ನು ತೆಗೆದುಕೋ. ಯಾಕೆಂದು ಹೇಳುತ್ತೇನೆ, ನೀನು ಕಾರಣ ಕೇಳದೆ ಒಂದು ಲೋಟವನ್ನೂ ಎತ್ತಿಡುವವಳಲ್ಲ. ಉದ್ದ ನಳಿಗೆಯ ತೂಕ ಮುಂದಕ್ಕಿರುತ್ತದೆ, ಹಾಗಾಗಿ ಗುಂಡು ಹಾರಿದಾಗ ಮೂತಿ ಮೇಲಕ್ಕೆ ಚಿಮ್ಮುವುದು ಕಡಿಮೆ. ಸದ್ದು ಮತ್ತು ಬೆಂಕಿ ಮುಖದಿಂದ ಅಷ್ಟು ದೂರ ಹೋಗುತ್ತವೆ, ಕಣ್ಣು ಮುಚ್ಚಿಕೊಳ್ಳುವುದು ಅರ್ಧ ಅದಕ್ಕೇ. ಇನ್ನು, ಗುರಿ ಹಿಡಿಯಲು ಹಿಂದೊಂದು ಕಚ್ಚು, ಮುಂದೊಂದು ಮೊನೆ ಇರುತ್ತದಲ್ಲ, ಅವೆರಡರ ನಡುವೆ ಜಾಗ ಹೆಚ್ಚಿದ್ದಷ್ಟೂ ಕೈಯ ತಪ್ಪು ಕಣ್ಣಿಗೆ ಬೇಗ ಬೀಳುತ್ತದೆ. ಗಿಡ್ಡದರಲ್ಲಿ ಕೂದಲೆಳೆಯಷ್ಟು ವಾಲಿದರೂ ಗುರಿಹಾಳೆಯ ಮೇಲೆ ಎರಡು ವೃತ್ತದಷ್ಟು ಆಚೆ ಹೋಗುತ್ತದೆ. ಗಿಡ್ಡ ನಳಿಗೆ ಗುಂಡನ್ನು ಸೊಟ್ಟಗೆ ಕಳಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡ, ವಾಲುವುದು ಕೈ, ನಳಿಗೆಯಲ್ಲ.

ಹಾಗಾದರೆ ಆರು ಇಂಚು ಇನ್ನೂ ಒಳ್ಳೆಯದಲ್ಲವೇ ಎನ್ನುತ್ತೀಯ. ಒದೆತಕ್ಕೆ ಒಳ್ಳೆಯದೇ. ಆದರೆ ಮೂತಿ ಭಾರ. ಹನ್ನೆರಡನೇ ಗುಂಡಿಗೆ ನಿನ್ನ ಮಣಿಕಟ್ಟು ಇಳಿಬೀಳುತ್ತದೆ. ನಿನಗೆ ನಾಲ್ಕೇ ಸರಿ. ಹಿಡಿಗೆ ದಪ್ಪ ರಬ್ಬರಿನದನ್ನು ಹಾಕಿಸು.

ಇನ್ನೊಂದು ಕೆಲಸ ಮಾಡು. ಬೇರೆಯವರ ಕೈಲಿ ಗುಂಡು ತುಂಬಿಸಿಕೋ. ನಡುನಡುವೆ ಹಾರಿಸಿ ಖಾಲಿಯಾದ ತೋಟಾಗಳನ್ನು ನಿನಗೆ ಗೊತ್ತಾಗದ ಹಾಗೆ ಸೇರಿಸಲಿ. ಖಾಲಿಯದರ ಮೇಲೆ ಟ್ರಿಗರ್ ಎಳೆದಾಗ ಮೂತಿ ಕೆಳಕ್ಕೆ ಬಾಗಿದರೆ, ಒದೆತ ಬರುವ ಮೊದಲೇ ನೀನು ಬೆಚ್ಚುತ್ತಿದ್ದೀಯ ಎಂದರ್ಥ. ಫಲಿತಾಂಶ ಬರೆ. ಗುರಿಹಾಳೆಯನ್ನೂ ಕಳಿಸು.

ಮನೆಯಲ್ಲಿ ಎಲ್ಲರನ್ನೂ ಕೇಳಿದೆ ಎನ್ನಲು ನನಗೆ ಮುಖವಿಲ್ಲ. ಆದರೂ ಬರೆದಿದ್ದೇನೆ.

ನಿನ್ನ ಅಕ್ಕ


ಮಾರ್ಚ್ 2

ಅಕ್ಕ,

ಗುರಿಹಾಳೆ ಜೊತೆಗಿದೆ. ಎಡಭಾಗದ ಕೆಳಗೆ ತೂತುಗಳು ಜಾತ್ರೆ ಸೇರಿದಂತೆ ಸೇರಿವೆ, ಅವು ಗಿಡ್ಡದ್ದರಿಂದ ಹೊಡೆದವು. ನೀನು ಹೇಳಿದ ಖಾಲಿ ತೋಟಾ ಪರೀಕ್ಷೆಯನ್ನೂ ಮಾಡಿದೆ. ವ್ಯಾನಿನ ಚಾಲಕಿ ತುಂಬಿಕೊಟ್ಟಳು. ಬರೀ ಟಿಕ್ ಎಂದಿತು, ಮೂತಿ ಮಾತ್ರ ನೆಲ ನೋಡುವಷ್ಟು ಬಾಗಿತು. ಅವಳು ನಕ್ಕಳು. ನಾನೂ ನಕ್ಕೆ, ಆಮೇಲೆ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ನಾಲ್ಕು ಇಂಚಿನದನ್ನು ಕೇಳಿದ್ದಕ್ಕೆ ಮೇಲ್ವಿಚಾರಕ "ಉದ್ದ ಇದ್ರೆ ಗುರಿ ಹತ್ರ ಆಗುತ್ತಾ ಮೇಡಂ?" ಎಂದು ಹಲ್ಲು ಕಿರಿದ. ಕೊಟ್ಟ, ಅದು ಮುಖ್ಯ. ಮೊದಲ ದಿನವೇ ವ್ಯತ್ಯಾಸ ಗೊತ್ತಾಯಿತು. ಇಪ್ಪತ್ತೂ ಗುಂಡು ಹೊಡೆದ ಮೇಲೂ ಕೈ ನನ್ನದೇ ಕೈಯಾಗಿತ್ತು. ನೂರ ಮೂವತ್ತಮೂರು. ಬೆಚ್ಚುವುದು ಇನ್ನೂ ಪೂರ್ತಿ ಹೋಗಿಲ್ಲ.

ಕಂಪನಿಯಲ್ಲಿ ಆಫೀಸಿನ ಕೆಲಸ ಎಂದು ಇವರಿಗೆ ಹೇಳಿದ್ದೆ, ಗನ್ನಿನದೆಂದು ಈಗ ಗೊತ್ತಾಯಿತು. ಪಾತ್ರೆ ತೊಳೆಯುವಾಗ ಹೆಬ್ಬೆರಳಿನ ಗಾಯ ನೋಡಿದರು. ಇವರ ಕೈಯಲ್ಲೂ ಅದೇ ಜಾಗದಲ್ಲಿ ಗಾಯವಿತ್ತಲ್ಲ, ಕೇಳುವುದೇ ಬೇಕಾಗಲಿಲ್ಲ. "ಬೇಡ ಕಣೇ. ನಂಗೇ ಆಗ್ಲಿಲ್ಲ, ನಿಂಗೆ ಆಗುತ್ತಾ? ಕೆಲವರ ಕೈಗೆ ಅದು ಬರಲ್ಲ" ಎಂದರು. ಇವರ ಪರೀಕ್ಷೆಯ ದಿನ ನೀನು ಫಲಿತಾಂಶದ ಹಾಳೆಯಲ್ಲಿ ಷರಾ ಬರೆದಿದ್ದೆ, ನೆನಪಿದೆಯಾ? "ಕೈ ಸ್ಥಿರವಿಲ್ಲ." ಎರಡೇ ಪದ. ಇವರು ಅದನ್ನು ವೈದ್ಯರ ಚೀಟಿಗಳ ಜೊತೆ ಒಂದೇ ಫೈಲಿನಲ್ಲಿ ಇಟ್ಟುಕೊಂಡಿದ್ದಾರೆ.

ಇವರ ಮಾತು ಕೇಳಿದಾಗಿನಿಂದ ಒಂದು ಪ್ರಶ್ನೆ ತಲೆ ತಿನ್ನುತ್ತಿದೆ. ಏಳು ವರ್ಷದ ಹಿಂದೆ ಇವರು ಹೊಡೆದದ್ದೂ ಎರಡು ಇಂಚಿನ ಗನ್ನಿನಲ್ಲೇ. ನಿನ್ನ ರೇಂಜಿನಲ್ಲಿ, ನಿನ್ನ ಕಣ್ಣೆದುರಿಗೆ. ನೀನು ಈಗ ಎರಡು ಪುಟ ಬರೆದು ತಿಳಿಸಿದ್ದು ಆಗಲೂ ನಿನಗೆ ಗೊತ್ತಿತ್ತಲ್ಲವೇ?

ತಂಗಿ


ಮಾರ್ಚ್ 9

ಮೊಂಡಿ,

ಗುರಿಹಾಳೆ ನೋಡಿದೆ. ನಾಲ್ಕು ಇಂಚಿನ ತೂತುಗಳು ಮೇಲಕ್ಕೆ ಬಂದಿವೆ, ಒಳ್ಳೆಯ ಲಕ್ಷಣ. ಟ್ರಿಗರನ್ನು ಬೆರಳಿನ ಮಡಿಕೆಯಿಂದ ಎಳೆಯುತ್ತಿದ್ದೀಯ, ತುದಿಯ ಮೆತ್ತನೆ ಭಾಗದಿಂದ ಎಳೆ. ಗುಂಡು ಯಾವಾಗ ಹಾರುತ್ತದೆಂದು ನಿನಗೇ ಗೊತ್ತಾಗಬಾರದು, ಅಷ್ಟು ನಿಧಾನವಾಗಿ. ದಿನಕ್ಕೆ ಮೂವತ್ತು ಗುಂಡಿಗಿಂತ ಹೆಚ್ಚು ಹೊಡೆಯಬೇಡ. ದಣಿದ ಕೈ ಕೆಟ್ಟದ್ದನ್ನೇ ಕಲಿಯುತ್ತದೆ.

ಹಳೆಯ ಮಾತು ಈಗ ಬೇಡ. ಪರೀಕ್ಷೆ ಮುಗಿಯಲಿ.

ಅಕ್ಕ


ಮಾರ್ಚ್ 20

ಅಕ್ಕ,

ನಾನು ಕೇಳಿದ್ದು ಒಂದೇ ಪ್ರಶ್ನೆ. ನೀನು ಬೆರಳಿನ ಬಗ್ಗೆ ಬರೆದೆ.

ಮೂರನೇ ಪರೀಕ್ಷೆಯನ್ನು ಮಾನ್ಯತೆ ಇರುವ ಯಾವ ರೇಂಜಿನಲ್ಲಿ ಬೇಕಾದರೂ ಕೊಡಬಹುದಂತೆ. ನಿನ್ನ ರೇಂಜಿನ ಹೆಸರು ಬರೆದುಕೊಟ್ಟಿದ್ದೇನೆ. ಮೇ 24, ಬೆಳಿಗ್ಗೆ ಹತ್ತು ಗಂಟೆ. ಅಂಕ ಹಾಕುವವಳು ನೀನೇ ತಾನೆ?

ತಂಗಿ


ಏಪ್ರಿಲ್ 14

ಮೊಂಡಿ,

ಇದು ನಾಲ್ಕನೆಯ ಕಾಗದ. ಮೊದಲಿನ ಮೂರನ್ನು ಹರಿದು ಹಾಕಿದೆ. ಅವುಗಳಲ್ಲಿ ನಾನು ಬಹಳ ಒಳ್ಳೆಯವಳಾಗಿ ಕಾಣಿಸುತ್ತಿದ್ದೆ.

ಗೊತ್ತಿತ್ತು. ಎಲ್ಲವೂ ಗೊತ್ತಿತ್ತು.

ಅವತ್ತು ಬೆಳಿಗ್ಗೆ ಅಭ್ಯಾಸದ ಐದು ಗುಂಡು ಹೊಡೆದಾಗಲೇ ನಿನ್ನ ಯಜಮಾನರ ಗನ್ನಿನ ಮೂತಿ ಬಾಗಿದ್ದನ್ನು ನೋಡಿದೆ. ನನ್ನ ಹಿಂದಿನ ಕಬ್ಬಿಣದ ಕಪಾಟಿನಲ್ಲಿ ಅದೇ ಗುಂಡಿನ ನಾಲ್ಕು ಇಂಚಿನವು ಮೂರು ಇದ್ದವು, ಎಣ್ಣೆ ಹಾಕಿ ಒರೆಸಿಟ್ಟವು. ಬೀಗದ ಕೈ ನನ್ನ ಅಂಗಿಯ ಜೇಬಿನಲ್ಲಿತ್ತು. ಹಾಗೆ ಬೆಚ್ಚುವವರು ಯಾರೇ ಬಂದರೂ ನಾನು ಮಾಡುತ್ತಿದ್ದದ್ದು ಒಂದೇ. ಕಪಾಟು ತೆಗೆದು, "ಇದರಲ್ಲಿ ಒಂದ್ಸಲ ನೋಡಿ" ಎಂದು ಉದ್ದದ್ದನ್ನು ಕೈಗಿಡುತ್ತಿದ್ದೆ. ನಿಯಮದಲ್ಲಿ ಅವಕಾಶವಿದೆ. ಹಿಂದಿನ ವಾರವಷ್ಟೇ ಗುರುತು ಪರಿಚಯವಿಲ್ಲದ ಒಬ್ಬನಿಗೆ ಕೊಟ್ಟಿದ್ದೆ, ಪಾಸಾಗಿ ಹೋಗಿದ್ದ.

ಅವತ್ತು ಕೊಡಲಿಲ್ಲ. ರೇಂಜಿನ ವ್ಯವಸ್ಥಾಪಕರು ಬೆಳಿಗ್ಗೆ ಚಹಾ ಕುಡಿಯುತ್ತ, "ಇವತ್ತು ನಿಮ್ ತಂಗಿ ಯಜಮಾನ್ರ ಪರೀಕ್ಷೆ ಅಂತಲ್ಲ, ನೋಡೋಣ ನೋಡೋಣ" ಎಂದು ನಕ್ಕಿದ್ದರು. ಗೋಡೆಗೆ ಒರಗಿ ಇನ್ನಿಬ್ಬರು ನಿಂತಿದ್ದರು. ನಾನು ಕಪಾಟಿನ ಕಡೆ ತಿರುಗಿದರೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆಂದು ಅನಿಸಿತು. ಇಪ್ಪತ್ತಮೂರು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು, ತಂಗಿಯ ಗಂಡನಿಗಾಗಿ ಬಗ್ಗಿದಳು ಎನ್ನಿಸಿಕೊಳ್ಳಬಾರದು ಎಂದುಕೊಂಡೆ. ಬೇರೆಯವನಾಗಿದ್ದರೆ ಕೊಡುತ್ತಿದ್ದೆ. ನಮ್ಮವನಾದದ್ದಕ್ಕೆ ಕೊಡಲಿಲ್ಲ.

ಇನ್ನೂ ಒಂದು ಮಾತು, ಇದನ್ನು ಹೇಳದಿದ್ದರೆ ಉಳಿದದ್ದನ್ನು ಹೇಳಿಯೂ ಪ್ರಯೋಜನವಿಲ್ಲ. ಆ ಗಿಡ್ಡ ಗನ್ನಿನಲ್ಲಿ ನಾನೇ ಒಳ್ಳೆಯ ದಿನ ನೂರ ನಲವತ್ತೈದು ಹೊಡೆಯುತ್ತೇನೆ. ಅದರಲ್ಲಿ ನೂರ ಮೂವತ್ತೆಂಟು ಹೊಡೆದವರ ಕೈ ಕೆಟ್ಟ ಕೈಯಲ್ಲ. ಷರಾ ಕಾಲಂ ಖಾಲಿ ಬಿಡುವಂತಿರಲಿಲ್ಲ. "ಗನ್ನು ಹೊಂದುವುದಿಲ್ಲ" ಎಂದು ಬರೆದರೆ, ಹಾಗಾದರೆ ಬೇರೆಯದನ್ನು ಯಾಕೆ ಕೊಡಲಿಲ್ಲ ಎಂದು ಕೇಳುತ್ತಾರೆ. ಅದಕ್ಕೆ ಕೈಯ ಮೇಲೆ ಹಾಕಿದೆ. ಅಂಕಗಳು ನಿಜ, ಷರಾ ಸುಳ್ಳು.

ನನಗೆ ನಾಚಿಕೆಯಾಗುತ್ತದೆ. ಆಗಲೇ ಆಗಿತ್ತು, ಅದಕ್ಕೇ ಏಳು ವರ್ಷ ನಿನ್ನ ಬಾಗಿಲಿಗೆ ಬರಲಿಲ್ಲ. ನೀನು ಕೋಪ ಮಾಡಿಕೊಂಡಿದ್ದೀಯ ಎನ್ನುವುದು ನನಗೆ ಒಳ್ಳೆಯ ನೆಪವಾಗಿತ್ತು.

ಮೇ 24ಕ್ಕೆ ಬೇರೆಯವರಿಂದ ಅಂಕ ಹಾಕಿಸಬಹುದು. ನೀನು ಒಂದು ಮಾತು ಹೇಳಿದರೆ ನಾನು ಅವತ್ತು ರಜೆ ಹಾಕುತ್ತೇನೆ.

ಅಕ್ಕ


ಮೇ 6

ಅಕ್ಕ,

ಮೂರು ವಾರ ನಿನ್ನ ಕಾಗದವನ್ನು ಕೈಚೀಲದಲ್ಲಿ ಇಟ್ಟುಕೊಂಡು ತಿರುಗಿದೆ. ವ್ಯಾನಿನಲ್ಲಿ ಓದಿದೆ, ರೇಂಜಿನಲ್ಲಿ ಓದಿದೆ. ಓದಿದಾಗಲೆಲ್ಲ ಅವತ್ತಿನ ಅಂಕ ಕೆಟ್ಟಿತು. ನೂರ ನಲವತ್ತೊಂದಿದ್ದದ್ದು ನೂರ ಇಪ್ಪತ್ತೊಂಬತ್ತಕ್ಕೆ ಇಳಿಯಿತು. ಕೊನೆಗೆ ಅದನ್ನು ಲಾಕರಿನಲ್ಲಿ ಹಾಕಿ ಬೀಗ ಹಾಕಿದ ಮೇಲೆ ನೂರ ಮೂವತ್ತಾರು.

ರಜೆ ಹಾಕಬೇಡ. ನೀನೇ ನಿಲ್ಲಬೇಕು, ನೀನೇ ಎಣಿಸಬೇಕು. ಒಂದು ಅಂಕವೂ ಹೆಚ್ಚು ಬೇಡ. ಒಂದು ಅಂಕ ಕಡಿಮೆ ಹಾಕಿದರೆ ನಿನ್ನನ್ನು ಈ ಜನ್ಮದಲ್ಲಿ ಬಿಡುವುದಿಲ್ಲ. ಅವತ್ತು ನನ್ನ ಜೊತೆ ಮಾತಾಡಬೇಡ. ನಾನು ಸೋತರೆ ಮುಂದಿನ ತಿಂಗಳಿನಿಂದ ಈ ಮನೆಯಲ್ಲಿ ದುಡಿಯುವವರು ಯಾರೂ ಇರುವುದಿಲ್ಲ, ಆ ಹೆದರಿಕೆಯ ಮೇಲೆ ನಿನ್ನ ಅಳುವನ್ನೂ ಹೊರಲು ನನ್ನಿಂದಾಗದು.

ಇವರಿಗೆ ಇನ್ನೂ ಹೇಳಿಲ್ಲ. ಹೇಳಬೇಕಾದವಳು ನಾನಲ್ಲ.

ತಂಗಿ


ಮೇ 25

ಮೊಂಡಿ,

ನಿನ್ನೆ ನಿನ್ನ ಜೊತೆ ಮಾತಾಡಲಿಲ್ಲ, ಹೇಳಿದ ಹಾಗೆ ನಡೆದುಕೊಂಡೆ. "ಮೂರನೇ ನಂಬರ್, ತಯಾರಾ?" ಎಂದು ಮಾತ್ರ ಕೇಳಿದೆ. ನಿನ್ನ ತಲೆಯಲ್ಲಿ ಅಷ್ಟು ಬಿಳಿಕೂದಲು ಬಂದದ್ದು ನನಗೆ ಗೊತ್ತಿರಲಿಲ್ಲ.

ಮೊದಲ ಐದರಲ್ಲಿ ಎರಡು ಸಲ ಮೂತಿ ಬಾಗಿತು. ನೀನು ಗುರಿಹಾಳೆಯನ್ನು ನೋಡದೆ ನನ್ನನ್ನು ನೋಡಿದೆ. ಗೋಡೆಯ ಹತ್ತಿರ ಈಗಲೂ ಇಬ್ಬರು ನಿಂತಿದ್ದರು, ವ್ಯವಸ್ಥಾಪಕರು ಮಾತ್ರ ಬೇರೆಯವರು. ನೀನು ಯಾರೆಂದು ನಾನೇ ಬೆಳಿಗ್ಗೆ ಅವರಿಗೆ ಹೇಳಿಟ್ಟಿದ್ದೆ. "ಗನ್ನು ಕೆಳಗಿಡಿ. ಸಮಯ ಇದೆ. ಮೂರು ಸಲ ಉಸಿರು ತಗೊಳ್ಳಿ, ಆಮೇಲೆ ಎತ್ತಿ" ಎಂದೆ. ಯಾರಿಗಾದರೂ ಅದನ್ನೇ ಹೇಳುತ್ತೇನೆ. ಆದರೂ ಹೇಳಿದ ಮೇಲೆ ಗೋಡೆಯ ಕಡೆ ಒಮ್ಮೆ ತಿರುಗಿ ನೋಡಿದೆ.

ಆಮೇಲಿನ ಹದಿನೈದು ಗುಂಡು ನಿನ್ನವು.

ನೂರ ಐವತ್ತೆರಡು. ನೀನು ಹಾಳೆಗೆ ಸಹಿ ಹಾಕಿ ತಿರುಗಿ ನೋಡದೆ ಹೊರಟುಹೋದೆ. ನಾನು ಕೊಠಡಿಗೆ ಹೋಗಿ ಮತ್ತೆ ಎಣಿಸಿದೆ, ಅಷ್ಟೇ ಬಂತು. ನೂರ ನಲವತ್ತರ ತನಕ ಸಂತೋಷವಾಗುತ್ತಿತ್ತು. ಅಲ್ಲಿಂದ ಮುಂದೆ ಒಂದೊಂದು ಅಂಕ ಕೂಡಿಸಿದಾಗಲೂ ನಿನ್ನ ಯಜಮಾನರ ಮುಖ ಕಣ್ಣ ಮುಂದೆ ಬಂತು. ಗನ್ನು ಬದಲಿಸಿ ಮೂರು ತಿಂಗಳು ಕಲಿತ ನಿನಗೆ ಇಷ್ಟು ಬಂದರೆ, ಆರು ವರ್ಷ ಕಾವಲು ಮಾಡಿದ್ದ ಅವರಿಗೆ ಎಷ್ಟು ಬರುತ್ತಿತ್ತು?

ಇದರ ಜೊತೆ ಇನ್ನೊಂದು ಕವರ್ ಇದೆ, ಅವರ ಹೆಸರಿಗೆ. ನಿನಗೆ ಬರೆದದ್ದನ್ನೆಲ್ಲ ಅದರಲ್ಲೂ ಬರೆದಿದ್ದೇನೆ. ಷರಾ ಸುಳ್ಳೆಂದು ಸಹಿ ಹಾಕಿದ ಒಂದು ಹಾಳೆಯೂ ಇದೆ. ಅದರ ಒಂದು ಪ್ರತಿಯನ್ನು ನಮ್ಮ ಕಚೇರಿಗೆ ಕೊಟ್ಟಿದ್ದೇನೆ. ಕಚೇರಿಯವರು ಏನು ಮಾಡುತ್ತಾರೋ ಮಾಡಲಿ. ಕವರನ್ನು ನಿನ್ನ ಯಜಮಾನರ ಕೈಗೆ ನೀನೇ ಕೊಡು. ನಾನು ಬಂದು ಎದುರಿಗೆ ನಿಂತು ಹೇಳಬೇಕೆಂದರೆ ಅದಕ್ಕೂ ತಯಾರಿದ್ದೇನೆ.

ಅಕ್ಕ


ಜೂನ್ 12

ಅಕ್ಕ,

ಕೆಲಸ ಖಾಯಂ ಆಯಿತು. ಮೊದಲು ಅದನ್ನು ಹೇಳಿಬಿಡುತ್ತೇನೆ.

ಕವರ್ ಕೊಟ್ಟೆ. ಇವರು ಮಲಗಿಕೊಂಡೇ ಓದಿದರು. ಓದಿ ಎದೆಯ ಮೇಲಿಟ್ಟುಕೊಂಡರು. ಆಮೇಲೆ, "ಉದ್ದದ್ದು ಒದೆಯೋದು ಹೇಗಿರುತ್ತೆ?" ಎಂದರು.

"ಗಿಡ್ಡದ್ದು ಕಪಾಳಕ್ಕೆ ಬಾರಿಸಿದ ಹಾಗೆ. ಇದು ಬಸ್ಸಲ್ಲಿ ಹಿಂದಿನವ್ರು ತಳ್ಳಿದ ಹಾಗೆ, ಅಷ್ಟೇ" ಎಂದೆ.

"ಅಷ್ಟೇನಾ?" ಎಂದರು.

ಎದ್ದು ಅಡುಗೆಮನೆಗೆ ಹೋದರು. ಒಂದು ಲೋಟಕ್ಕೆ ಅಂಚಿನ ತನಕ ನೀರು ತುಂಬಿ, ಬಲಗೈ ಚಾಚಿ ಹಿಡಿದು ನಿಂತರು. ಗಡಿಯಾರ ನೋಡುತ್ತ ಎರಡು ನಿಮಿಷ ನಿಂತರು. ಒಂದು ಹನಿ ಚೆಲ್ಲಲಿಲ್ಲ. ಲೋಟ ಕೆಳಗಿಟ್ಟು ಕುರ್ಚಿಯಲ್ಲಿ ಕೂತವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಬೆನ್ನು ಮುರಿದಾಗಲೂ ಇವರು ಹಾಗೆ ಅತ್ತಿರಲಿಲ್ಲ.

ನನಗೆ ಗೊತ್ತಿಲ್ಲದ ಒಂದು ವಿಷಯ ಆಗ ಹೇಳಿದರು. ಮಗಳು ಹುಟ್ಟಿದಾಗ ಇವರ ಬೆನ್ನು ಗಟ್ಟಿಯಾಗಿಯೇ ಇತ್ತು. ಆದರೂ ಅವಳನ್ನು ನಿಂತುಕೊಂಡು ಎತ್ತಿಕೊಂಡದ್ದೇ ಇಲ್ಲ. ನೆಲದ ಮೇಲೆ ಕೂತು, "ತೊಡೆ ಮೇಲೆ ಹಾಕು" ಎನ್ನುತ್ತಿದ್ದರು. ಹೊಸ ಅಪ್ಪನ ಅಂಜಿಕೆ ಎಂದು ನಾನು ತಮಾಷೆ ಮಾಡುತ್ತಿದ್ದೆ. "ಕೈ ಸ್ಥಿರ ಇಲ್ಲ ಅಂತ ಬರೆದಿದ್ರಲ್ಲ, ಮಗು ಜಾರಿಬಿಟ್ರೆ ಅಂತ" ಎಂದರು. ಈಗ ಕೈ ಸರಿಯಿದೆಯೆಂದು ಗೊತ್ತಾಯಿತು. ಎತ್ತಿಕೊಳ್ಳಲು ಬೆನ್ನಿಲ್ಲ.

ಮರುದಿನ ಇವರೇ, "ನಿಮ್ಮಕ್ಕನ್ನ ಒಂದಿನ ಬರೋಕೆ ಹೇಳು. ಬರೆಯೋಕೂ ಧೈರ್ಯ ಬೇಕಲ್ಲ" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಇವರು ನಿನ್ನನ್ನು ಕ್ಷಮಿಸಿದ್ದಾರೆ, ಇವರು ಅಂಥವರೇ.

ನಾನು ಇನ್ನೂ ಕ್ಷಮಿಸಿಲ್ಲ. ಇವರ ಹೆಸರಿನಲ್ಲಿ ನಿನ್ನನ್ನು ಕರೆಯಲು ನನಗೆ ಮನಸ್ಸು ಬರುತ್ತಿಲ್ಲ. ನೀನು ಬಾಗಿಲಲ್ಲಿ ನಿಂತರೆ ನಾನು ಒಳಗೆ ಬಿಡುತ್ತೇನೆ, ಚಹಾ ಕೊಡುತ್ತೇನೆ, ಮಗಳು ದೊಡ್ಡಮ್ಮ ಎಂದು ಓಡಿ ಬರುತ್ತಾಳೆ, ನೀನು ಅವಳನ್ನು ಎತ್ತಿಕೊಳ್ಳುತ್ತೀಯ. ಅದನ್ನು ನೋಡುವ ಶಕ್ತಿ ನನಗೆ ಈಗ ಇಲ್ಲ.

ಬರಬೇಡ ಅಕ್ಕ. ಬರಬಹುದು ಎಂದು ನನಗೆ ಅನಿಸಿದ ದಿನ ನಾನೇ ಬರೆಯುತ್ತೇನೆ. ಅಲ್ಲಿಯ ತನಕ ನೀನು ಬರೆಯುತ್ತಿರು. ಉತ್ತರ ಬರದಿದ್ದರೂ ಬರೆ.

ತಂಗಿ